ಬಂದುದೇಕೆ, ಉಳಿದುದೇಕೆ?

"ನಿಮ್ಮ ಚರ್ಚಿಗೆ ಜನ ಏಕೆ ಬರುತ್ತಾರೆ? ಅಲ್ಲಿ ಅವರಿಗೆ ಏನು ಸಿಗುತ್ತದೆ?" ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಸಿಕೊಳ್ಳದ ಕ್ರೈಸ್ತ ಕುಟುಂಬ ನಮ್ಮ ಭಾಗದಲ್ಲಿ ಇರಲಾರದು. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ, ಸಂಡೂರಿನ ಕಛೇರಿಗಳ ಜಗುಲಿಯಲ್ಲಿ, ವಡ್ಡು ಗ್ರಾಮದ ಚಹಾದಂಗಡಿಯ ಮುಂದೆ, ಕಂಪ್ಲಿಯ ಗದ್ದೆಯ ಬದುವಿನ ಮೇಲೆ ಈ ಪ್ರಶ್ನೆ ಹುಟ್ಟುತ್ತಲೇ ಇರುತ್ತದೆ. ಕೇಳುವವರಲ್ಲಿ ಕೆಲವರಿಗೆ ನಿಜವಾದ ಕುತೂಹಲ, ಕೆಲವರಿಗೆ ಸಂಶಯ. ಪ್ರಶ್ನೆಗೆ ಸಿಡುಕುವುದು ಸುಲಭ, ನಗೆಯಾಡಿ ಜಾರಿಕೊಳ್ಳುವುದು ಅದಕ್ಕಿಂತಲೂ ಸುಲಭ. ಆದರೆ ಇದು ಉತ್ತರಕ್ಕೆ ಅರ್ಹವಾದ ಪ್ರಶ್ನೆ. ಕೇಳಿದವರ ಸಲುವಾಗಿ ಮಾತ್ರವಲ್ಲ, ನಮ್ಮ ಸಲುವಾಗಿಯೂ ಇದಕ್ಕೆ ಉತ್ತರ ಹುಡುಕಬೇಕಾಗಿದೆ.

ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಹೊರಗಿನವರಲ್ಲಿ ಕೆಲವರು ಹೇಳುವುದು ಇದು: "ಅಕ್ಕಿ, ಹಣ, ಶಾಲೆಯ ಸೀಟು, ಆಸ್ಪತ್ರೆಯ ಔಷಧ, ಇವೇ ಕಾರಣ. ಬಡವನಿಗೆ ಬಲೆ ಬೀಸಿದ್ದಾರೆ." ಒಳಗಿನವರಲ್ಲಿ ಕೆಲವರು ಹೇಳುವುದು ಇದು: "ದೇವರ ಕರೆಯೊಂದೇ ಕಾರಣ. ಬೇರೆ ಯಾವ ಕಾರಣವೂ ಇಲ್ಲ, ಇರಲೂಬಾರದು." ಮೊದಲನೆಯ ಉತ್ತರ ಬಡವನನ್ನು ಅವಮಾನಿಸುತ್ತದೆ. ಎರಡನೆಯದು ಮನುಷ್ಯ ಸ್ವಭಾವವನ್ನು ಮರೆಯುತ್ತದೆ. ಎರಡರಲ್ಲಿಯೂ ಒಂದು ಸಮಾನ ದೋಷವಿದೆ: ಮನುಷ್ಯನು ಒಂದೇ ಒಂದು ಕಾರಣಕ್ಕಾಗಿ ನಡೆಯುತ್ತಾನೆ ಮತ್ತು ಹೊರಟ ಕಾರಣದಲ್ಲಿಯೇ ಕೊನೆತನಕ ನಿಂತಿರುತ್ತಾನೆ ಎಂಬ ಭಾವನೆ. ಬದುಕು ಹಾಗಿಲ್ಲ.

ಮೊದಲು ನಮ್ಮ ನೆಲವನ್ನೇ ನೋಡೋಣ. ಇದು ಬಂದವರಿಂದ ಬೆಳೆದ ನಾಡು. 1945ರಿಂದ 1953ರವರೆಗೆ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಕಟ್ಟುವಾಗ ದೂರದೂರದಿಂದ ಕೂಲಿಯವರು, ಮೇಸ್ತ್ರಿಗಳು, ಗುಮಾಸ್ತರು ಬಂದರು. ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತ ಕುಟುಂಬಗಳು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವು. ಸಂಡೂರಿನ ಬೆಟ್ಟಗಳಲ್ಲಿ ಗಣಿಗಳು ತೆರೆದಂತೆ ಗಣಿಗಾರರು ಬಂದರು. 1971ರಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಇಟ್ಟರು. ಮುಂದೆ 1994ರಲ್ಲಿ ಹುಟ್ಟಿಕೊಂಡ ಖಾಸಗಿ ಸಂಸ್ಥೆ ತೋರಣಗಲ್ಲಿನಲ್ಲಿ ಕಾರ್ಖಾನೆಯನ್ನು ಎಬ್ಬಿಸಿದಾಗ ವಡ್ಡು, ಕುರೆಕುಪ್ಪ ಮೊದಲಾದ ಸುತ್ತಣ ಹಳ್ಳಿಗಳ ಚಹರೆಯೇ ಬದಲಾಯಿತು. ಕರಾವಳಿಯಿಂದ, ಕೇರಳ ತಮಿಳುನಾಡುಗಳಿಂದ, ಒಡಿಶಾ ಜಾರ್ಖಂಡ್‌ಗಳಿಂದ ಜನ ಬಂದರು. ಇವರೆಲ್ಲರೂ ಬಂದದ್ದು ಅನ್ನಕ್ಕಾಗಿ. ಹೀಗೆ ಬಂದವರನ್ನು ಯಾರೂ ಹೀಗಳೆಯುವುದಿಲ್ಲ. ದುಡಿಯಲು ಬಂದವರು ಎಂದು ಗೌರವದಿಂದಲೇ ಕಾಣುತ್ತಾರೆ. ಅದೇ ಮನುಷ್ಯ ಭಾನುವಾರ ದೇವಾಲಯದ ಬಾಗಿಲಿಗೆ ಬಂದಾಗ ಮಾತ್ರ ಅವನಿಗೆ ಹಸಿವು ಇರಬಾರದು, ಒಂಟಿತನ ಇರಬಾರದು, ಮಗನ ಶಾಲೆಯ ಚಿಂತೆ ಇರಬಾರದು ಎಂದು ನಿರೀಕ್ಷಿಸುವುದು ಯಾವ ನ್ಯಾಯ?

ಹೊಸ ಊರಿಗೆ ಬಂದ ಕಥೋಲಿಕ ಕುಟುಂಬವೊಂದು ದೇವಾಲಯವನ್ನು ಹುಡುಕಿಕೊಂಡು ಬರುವುದನ್ನು ಗುರುಗಳೆಲ್ಲರೂ ಬಲ್ಲರು. ಬಲಿಪೂಜೆ ಮುಗಿದ ಮೇಲೆ ಅವರು ಅಂಗಳದಲ್ಲಿ ನಿಲ್ಲುತ್ತಾರೆ. ತಮ್ಮ ಭಾಷೆಯವರು ಯಾರಾದರೂ ಇದ್ದಾರೆಯೇ, ಬಾಡಿಗೆ ಮನೆ ಎಲ್ಲಿ ಸಿಕ್ಕೀತು, ಹೆರಿಗೆಗೆ ಯಾವ ಆಸ್ಪತ್ರೆ ಒಳ್ಳೆಯದು ಎಂದು ಕೇಳುತ್ತಾರೆ. ಇದು ಭಕ್ತಿಯೇ ಅಥವಾ ಅನುಕೂಲವೇ? ಎರಡೂ ಹೌದು. ಪರವೂರಿನಲ್ಲಿ ನಿಂತವನಿಗೆ ದೇವರ ಮನೆ ಎಂದರೆ ತನ್ನವರ ಮನೆ. ಈ ಎರಡು ಅರ್ಥಗಳನ್ನು ಕತ್ತರಿಯಿಂದ ಕತ್ತರಿಸಿ ಬೇರೆ ಮಾಡಲು ಬರುವುದಿಲ್ಲ.

ಇನ್ನು ಕೂಡಿಕೊಳ್ಳದೆಯೂ ಬೆಂಬಲಿಸುವವರ ಮಾತು. ಇವರ ಸಂಖ್ಯೆಯೇ ನಮ್ಮ ನಾಡಿನಲ್ಲಿ ಅಧಿಕ. ಬಳ್ಳಾರಿಗೆ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಂದದ್ದು 1810ರಲ್ಲಿ. ಅವರೂ ಅವರ ಜೊತೆಗಾರರೂ ದುಡಿದ ಫಲವಾಗಿ ಕನ್ನಡದ ಪೂರ್ಣ ಬೈಬಲ್ 1831ರ ಹೊತ್ತಿಗೆ ಅಚ್ಚಾಯಿತು. ಅದೇ ಬಳಗದ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದರು. 1846ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ವಾರ್ಡ್‌ಲಾ ಶಾಲೆ ತಲೆಮಾರುಗಳ ಕಾಲ ಎಲ್ಲ ಜಾತಿ ಮತಗಳ ಮಕ್ಕಳಿಗೆ ಅಕ್ಷರ ಕೊಟ್ಟಿತು. ಇವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ಆದರೆ ನಮ್ಮ ಸೋದರರು. ಅವರ ಶ್ರಮದ ಫಲವನ್ನು ಉಂಡವರಲ್ಲಿ ಕ್ರೈಸ್ತರಾದವರು ತೀರ ಕೆಲವರು. ನಮ್ಮವರ ಕಥೆಯೂ ಬೇರೆಯಲ್ಲ. ದಂಡಿನ ಜೊತೆ ಬಂದ ಸೈನಿಕರಿಂದ, ಅವರ ಹಿಂದೆ ಬಂದ ತಮಿಳು ಕುಟುಂಬಗಳಿಂದ ಬಳ್ಳಾರಿಯಲ್ಲಿ ಬೇರೂರಿದ ಕಥೋಲಿಕ ಸಮುದಾಯ 1949ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಮೊದಲ ಧರ್ಮಾಧ್ಯಕ್ಷರಾದರು. ಶಾಲೆಗಳು, ಔಷಧಾಲಯಗಳು, ವಿದ್ಯಾರ್ಥಿನಿಲಯಗಳು ಬೆಳೆದವು. ಹೀಗಿದ್ದರೂ 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಕ್ರೈಸ್ತರ ಪ್ರಮಾಣ ನೂರಕ್ಕೆ 1.87 ಮಾತ್ರ, ಅಂದರೆ ಸುಮಾರು 11 ಲಕ್ಷ 42 ಸಾವಿರ ಜನ. ಶಾಲೆಯೂ ಆಸ್ಪತ್ರೆಯೂ ಬಲೆಯೇ ಆಗಿದ್ದರೆ, ಇಷ್ಟು ದೀರ್ಘ ಕಾಲ ಬೀಸಿ ಇಷ್ಟೇ ಮೀನು ಹಿಡಿದ ಬಲೆಯನ್ನು ಯಾವ ಬೆಸ್ತನೂ ಇಟ್ಟುಕೊಳ್ಳುತ್ತಿರಲಿಲ್ಲ.

ಹಾಗಾದರೆ ಆ ಶಾಲೆಗಳನ್ನು ಜನ ಬೆಂಬಲಿಸಿದ್ದೇಕೆ? ವಿಶ್ವಾಸವೇ ಕಾರಣ. ಇಲ್ಲಿ ವಿಶ್ವಾಸ ಎಂದರೆ ಮತವಿಶ್ವಾಸವಲ್ಲ, ನಂಬಿಕೆ. ಮಗಳನ್ನು ಬೆಳಗ್ಗೆ ಕಳುಹಿಸಿದರೆ ಸಂಜೆ ಸುರಕ್ಷಿತವಾಗಿ ಮರಳುತ್ತಾಳೆ, ಮೇಷ್ಟ್ರು ಪಾಠ ಮಾಡುತ್ತಾರೆ, ಧರ್ಮಭಗಿನಿ ರೋಗಿಯ ಜಾತಿ ಕೇಳದೆ ಗಾಯ ತೊಳೆಯುತ್ತಾರೆ ಎಂಬ ನಂಬಿಕೆ. ಇಂಗ್ಲಿಷ್ ಕಲಿಯಲಿ ಎಂಬ ಆಸೆಯೂ ಅದರಲ್ಲಿ ಸೇರಿದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಈ ನಂಬಿಕೆಯನ್ನು ಹಿಂದಿನ ತಲೆಮಾರಿನವರು ಗಳಿಸಿಟ್ಟಿದ್ದಾರೆ. ನಾವು ಅದನ್ನು ಖರ್ಚು ಮಾಡುತ್ತಿದ್ದೇವೆಯೋ, ಬೆಳೆಸುತ್ತಿದ್ದೇವೆಯೋ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇವೆ.

ಕೂಡಿಕೊಂಡವರ ವಿಷಯಕ್ಕೆ ಮರಳೋಣ. ಅನ್ನಕ್ಕಾಗಿ ಬಂದರು ಎಂಬ ಆಪಾದನೆ ಹೊಸದಲ್ಲ. ಅದನ್ನು ಅತ್ಯಂತ ನಿಷ್ಠುರವಾಗಿ ಬರೆದವರು ನಮ್ಮವರೇ ಆದ ಒಬ್ಬ ಗುರುಗಳು. ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ, 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ತಮ್ಮ ದುಡಿಮೆಯ ಲೆಕ್ಕ ಒಪ್ಪಿಸಿದರು. ಅಷ್ಟು ವರ್ಷಗಳಲ್ಲಿ ತಮ್ಮಿಂದ ದೀಕ್ಷೆ ಪಡೆದವರು ಇನ್ನೂರು ಮುನ್ನೂರು ಜನ, ಅವರಲ್ಲಿ ಬಹುಪಾಲು ನಿರ್ಗತಿಕರು ಮತ್ತು ಕುಲದಿಂದ ಹೊರಬಿದ್ದವರು, ಮದುವೆಯ ಸಂಬಂಧಕ್ಕೋ ಬೇರೆ ಲಾಭಕ್ಕೋ ಬಂದವರೇ ಹೆಚ್ಚು ಎಂದು ಅವರು ಮರೆಮಾಚದೆ ಬರೆದರು. ಭಾರತದಲ್ಲಿ ಕ್ರೈಸ್ತಧರ್ಮಕ್ಕೆ ಭವಿಷ್ಯವಿಲ್ಲವೆಂದು ಹೇಳಿ ಸ್ವದೇಶಕ್ಕೆ ಮರಳಿದರು. ಆದರೆ ಅದೇ ಗುರುಗಳು ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಊರೂರು ಅಲೆದಿದ್ದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಟ್ಟಿಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಭವಿಷ್ಯವಿರಲಿಲ್ಲ. ಸಾತಹಳ್ಳಿಯ ಧರ್ಮಕೇಂದ್ರ ಮಾತ್ರ ಇಂದಿಗೂ ಜೀವಂತವಾಗಿದೆ. ಬಂದವರ ಉದ್ದೇಶವನ್ನು ಅವರು ಸರಿಯಾಗಿಯೇ ಓದಿದ್ದಿರಬಹುದು, ಉಳಿದವರ ಉದ್ದೇಶವನ್ನು ಓದಲು ಅವರಿಗೆ ಕಾಲ ಸಾಲಲಿಲ್ಲ.

ದ್ಯುಬುವಾ ಅವರ ಕಾಲದ ಅರ್ಧ ಶತಮಾನದ ನಂತರ ಈ ಪ್ರಶ್ನೆ ಇನ್ನೂ ಕಠೋರವಾಗಿ ಎದುರಾಯಿತು. 1876-78ರ ಮಹಾಬರ, ನಮ್ಮ ಹಿರಿಯರ ಬಾಯಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ, ಬಳ್ಳಾರಿ ಸೀಮೆಯನ್ನು ಸುಟ್ಟುಹಾಕಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಅದೇ ಪ್ರಾಂತ್ಯದ ಒಂಗೋಲಿನಲ್ಲಿ ಬ್ಯಾಪ್ಟಿಸ್ಟ್ ಮಿಶನ್ನಿನ ಜಾನ್ ಕ್ಲೌ ಎಂಬವರಿದ್ದರು. ಅವರು ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು, ಹಸಿದು ಬಂದ ಸಾವಿರಾರು ಜನರಿಗೆ ಕೆಲಸ ಕೊಟ್ಟು ಕೂಲಿ ಕೊಟ್ಟರು. ಆ ಜನರಲ್ಲಿ ಬಹಳ ಮಂದಿ ದೀಕ್ಷೆ ಕೇಳಿದರು. ಅವರು ಕೊಡಲಿಲ್ಲ. ಅನ್ನದ ಕೈಯೂ ದೀಕ್ಷೆಯ ಕೈಯೂ ಒಂದೇ ಆಗಬಾರದೆಂದು, ಪರಿಹಾರ ಕಾರ್ಯ ನಡೆದಷ್ಟು ಕಾಲವೂ ದೀಕ್ಷೆಯನ್ನು ತಡೆಹಿಡಿದರು. ಪರಿಹಾರ ನಿಂತಿತು, ಕೊಡಲು ಏನೂ ಉಳಿಯಲಿಲ್ಲ. ಆಗಲೂ ಜನ ಬಂದರು. 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷೆ ಪಡೆದರು.

ಈ ಘಟನೆಯನ್ನು ಎರಡು ಬಗೆಯಾಗಿ ಓದಬಹುದು. ಅನ್ನ ಉಂಡ ಋಣದಿಂದ ಬಂದರು ಎಂದು ಒಬ್ಬರು ಹೇಳಬಹುದು. ಆದರೆ ಆ ಜನರಿಗೆ ಸುದ್ದಿ ಮುಟ್ಟಿಸಿದವರಲ್ಲಿ ಮೊದಲಿಗರು ಯಾರು? ಯೆರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಜಾತಿಯ ಚರ್ಮದ ವ್ಯಾಪಾರಿ. ಬರಕ್ಕೆ ಹತ್ತು ವರ್ಷ ಮೊದಲೇ ದೀಕ್ಷೆ ಪಡೆದ ಆತ ತನ್ನ ನೆಂಟರಿಷ್ಟರ ಕೇರಿಗಳಲ್ಲಿ ತಿರುಗಿ ತಿಳಿಸಿದ. ಜನ ಬಂದದ್ದು ಪರದೇಶದವನ ಮಾತಿಗಲ್ಲ, ತಮ್ಮವನ ಬದುಕನ್ನು ಕಂಡು. ಇಂದಿಗೂ ಹಾಗೆಯೇ. ಒಬ್ಬರು ಧರ್ಮಸಭೆಗೆ ಬಂದರೆ ಅವರ ಹಿಂದೆ ಒಬ್ಬ ಅತ್ತಿಗೆ, ಒಬ್ಬ ಗೆಳೆಯ, ಕಷ್ಟದಲ್ಲಿ ಜೊತೆ ಕುಳಿತ ಒಬ್ಬ ನೆರೆಯವಳು ಇರುತ್ತಾಳೆ. ಪ್ರಚಾರದ ಕರಪತ್ರ ಅಪರೂಪಕ್ಕೂ ಇರುವುದಿಲ್ಲ.

1930ರ ದಶಕದ ಆರಂಭದಲ್ಲಿ ಮೆಥೊಡಿಸ್ಟ್ ಸಭೆಯ ವಾಸ್ಕಂ ಪಿಕೆಟ್ ಎಂಬವರು ಈ ವಿಷಯವನ್ನು ಮೊತ್ತಮೊದಲಿಗೆ ಶಾಸ್ತ್ರೀಯವಾಗಿ ಪರೀಕ್ಷಿಸಿದರು. ದೇಶದ ಬೇರೆ ಬೇರೆ ಭಾಗಗಳಲ್ಲಿ ನಾಲ್ಕು ಸಾವಿರಕ್ಕೆ ಸಮೀಪದ ಕ್ರೈಸ್ತರನ್ನು "ನೀವು ಏಕೆ ಕ್ರೈಸ್ತರಾದಿರಿ?" ಎಂದು ಕೇಳಿಸಿ, 1933ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಉತ್ತರಗಳು ನಾಲ್ಕು ಗುಂಪುಗಳಾದವು: ಆಧ್ಯಾತ್ಮಿಕ ಕಾರಣ, ಲೌಕಿಕ ಕಾರಣ, ಬಂಧುಬಳಗದ ಕಾರಣ, ಮತ್ತು ಹುಟ್ಟಿನ ಕಾರಣ. ಪಿಕೆಟ್ಟರು ಕಂಡುಕೊಂಡ ಮುಖ್ಯ ಸಂಗತಿ ಇದು: ಮುಂದೆ ಯಾರು ಒಳ್ಳೆಯ ಕ್ರೈಸ್ತರಾದರು ಎಂಬುದನ್ನು ಬಂದ ಕಾರಣವೊಂದೇ ನಿರ್ಣಯಿಸಲಿಲ್ಲ, ದೀಕ್ಷೆಯ ನಂತರ ಅವರಿಗೆ ದೊರೆತ ಆರೈಕೆ ಮತ್ತು ಶಿಕ್ಷಣ ಅದಕ್ಕಿಂತ ಹೆಚ್ಚಾಗಿ ನಿರ್ಣಯಿಸಿತು. ಲೌಕಿಕ ಕಾರಣಕ್ಕೆ ಬಂದು ಆರೈಕೆ ಪಡೆದವರು ಬೆಳೆದರು, ಆಧ್ಯಾತ್ಮಿಕ ಕಾರಣಕ್ಕೆ ಬಂದರೂ ಆರೈಕೆ ಸಿಗದವರು ಸೊರಗಿದರು.

ಹದಿನಾರು ಶತಮಾನಗಳ ಹಿಂದೆಯೇ ಸಂತ ಅಗಸ್ಟೀನರು ಇದನ್ನು ಬಲ್ಲವರಾಗಿದ್ದರು. ಸುಮಾರು ಕ್ರಿ.ಶ. 400ರಲ್ಲಿ ಕಾರ್ಥೇಜಿನ ಸೇವಾದರ್ಶಿಯೊಬ್ಬರು, ಹೊಸಬರಿಗೆ ಧರ್ಮೋಪದೇಶ ಮಾಡುವುದು ಹೇಗೆಂದು ಅವರನ್ನು ಕೇಳಿದರು. ಅಗಸ್ಟೀನರ ಸಲಹೆಯ ಸಾರ ಇದು: ಬಂದವನನ್ನು ಮೊದಲು ಏಕೆ ಬಂದೆ ಎಂದು ವಿಚಾರಿಸು. ಯಾರನ್ನೋ ಮೆಚ್ಚಿಸಲು, ಯಾವುದೋ ಲಾಭಕ್ಕೆ ಬಂದಿದ್ದರೆ ಅವನು ನಟಿಸುತ್ತಿದ್ದಾನೆ. ಆದರೂ ಓಡಿಸಬೇಡ. ಅಲ್ಲಿಂದಲೇ ಉಪದೇಶವನ್ನು ಆರಂಭಿಸು. ನಟಿಸಲು ಬಂದವನು ಕೇಳುತ್ತ ಕೇಳುತ್ತ, ತಾನು ನಟಿಸಿದ್ದನ್ನೇ ನಿಜವಾಗಿ ಬಯಸುವಂತಾಗುವುದುಂಟು. ಅರಿಸ್ಟಾಟಲನು ಸ್ನೇಹದಲ್ಲಿ ಮೂರು ಬಗೆ ಹೇಳುತ್ತಾನೆ: ಉಪಯೋಗದ ಸ್ನೇಹ, ಸಂತೋಷದ ಸ್ನೇಹ, ಸದ್ಗುಣದ ಸ್ನೇಹ. ಮೂರನೆಯದು ಶ್ರೇಷ್ಠ ಮತ್ತು ಅಪರೂಪ. ಆದರೆ ನಮ್ಮ ಅತ್ಯುತ್ತಮ ಸ್ನೇಹಗಳನ್ನು ಹಿಂದಿರುಗಿ ನೋಡಿದರೆ, ಸಾಲ ಕೇಳಲು ಹೋದದ್ದರಿಂದಲೋ ಪುಸ್ತಕ ಕಡ ತಂದದ್ದರಿಂದಲೋ ಆರಂಭವಾದವುಗಳೇ ಅವು. ಬೀಜ ಬೀಳುವಾಗ ಅದು ಯಾರ ಜೇಬಿನಿಂದ ಬಿತ್ತೆಂದು ನೆಲ ಕೇಳುವುದಿಲ್ಲ.

ಹಾಗಾದರೆ ಆಮಿಷ ಎಂಬುದೇ ಇಲ್ಲವೇ? ಇದೆ. ಅದನ್ನು ಸ್ಪಷ್ಟವಾಗಿ ಗುರುತಿಸುವುದು ನಮ್ಮ ಕರ್ತವ್ಯ. ಹಸಿದವನಿಗೆ ರೊಟ್ಟಿ ಕೊಡುವುದು ಆಮಿಷವಲ್ಲ. ರೊಟ್ಟಿಯ ಕೆಳಗೆ ಬೆಲೆಯ ಚೀಟಿ ಬಚ್ಚಿಡುವುದು ಆಮಿಷ. "ನಮ್ಮವನಾದರೆ ಕೊಡುತ್ತೇನೆ" ಎಂಬ ಮಾತು, ಬಾಯಿಬಿಟ್ಟು ಹೇಳದೆ ಕಣ್ಣಿನಲ್ಲಿ ಹೇಳಿದರೂ, ಅದು ವ್ಯಾಪಾರ. 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಒಂದೇ ದಿನ ಹೊರಡಿಸಿದ ದಾಖಲೆಗಳಲ್ಲಿ ಎರಡು ಇದನ್ನೇ ಕುರಿತಿವೆ. ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು, ವಿಶೇಷವಾಗಿ ಬಡವರ ಮತ್ತು ಅನಕ್ಷರಸ್ಥರ ನಡುವೆ, ಬಲವಂತದ ಅಥವಾ ಅಪ್ರಾಮಾಣಿಕ ಒಲಿಸುವಿಕೆಯ ಛಾಯೆಯೂ ಇರಬಾರದು ಎನ್ನುತ್ತದೆ. ಧರ್ಮಪ್ರಸಾರ ಕಾರ್ಯದ ದಾಖಲೆಯು, ಯಾರನ್ನೂ ಒತ್ತಾಯದಿಂದಾಗಲಿ ಕುಟಿಲೋಪಾಯದಿಂದಾಗಲಿ ಸೆಳೆಯಬಾರದೆಂದು ನಿಷೇಧಿಸಿ, ಬರುವವರ ಉದ್ದೇಶವನ್ನು ಪರಿಶೀಲಿಸಿ ಅಗತ್ಯವಿದ್ದರೆ ಶುದ್ಧೀಕರಿಸಬೇಕೆಂದು ವಿಧಿಸುತ್ತದೆ. ಉದ್ದೇಶ ಕಲುಷಿತವಾಗಿದ್ದರೆ ತಿರಸ್ಕರಿಸು ಎಂದು ಹೇಳಿಲ್ಲ, ಶುದ್ಧೀಕರಿಸು ಎಂದಿದೆ. ಅಗಸ್ಟೀನರ ಧ್ವನಿ ಇಲ್ಲಿ ಕೇಳುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ, ವಯಸ್ಕನು ಸ್ವಂತ ಇಚ್ಛೆಯನ್ನು ಪ್ರಕಟಿಸಿ, ಸಾಕಷ್ಟು ಬೋಧನೆ ಪಡೆದು, ಕ್ರೈಸ್ತ ಜೀವನದಲ್ಲಿ ಪರೀಕ್ಷಿತನಾದ ಮೇಲೆಯೇ ದೀಕ್ಷಾಸ್ನಾನ ಎನ್ನುತ್ತದೆ. ಅವಸರಕ್ಕೆ ಅಲ್ಲಿ ಎಡೆಯಿಲ್ಲ.

ಇದನ್ನು ನೆನಪಿಟ್ಟರೆ, 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾಯಿದೆಯ ಕುರಿತು ನಮ್ಮ ನಿಲುವು ಏನಿರಬೇಕೆಂಬುದು ತಿಳಿಯಾಗುತ್ತದೆ. ಮತ ಬದಲಿಸುವವರು ಮೂವತ್ತು ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದು ಆ ಕಾಯಿದೆ ವಿಧಿಸಿತು. ಧಾರ್ಮಿಕ ಸಂಸ್ಥೆಯ ಹೆಸರಾಂತ ಶಾಲೆಯಲ್ಲಿ ಉಚಿತ ವಿದ್ಯಾಭ್ಯಾಸವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಮತಾಂತರಗೊಂಡವರು ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟ ಜಾತಿ ಪಂಗಡದವರು ಆಗಿದ್ದರೆ ಶಿಕ್ಷೆ ಅಧಿಕವೆಂದಿತು. 2023ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಅದನ್ನು ಹಿಂತೆಗೆಯಲು ತೀರ್ಮಾನಿಸಿತು. ಕಾಯಿದೆ ಉಳಿಯಲಿ, ಅಳಿಯಲಿ, ವಿಚಾರಣೆಗೆ ನಾವು ಅಂಜಬೇಕಾಗಿಲ್ಲ. ನಮ್ಮ ಧರ್ಮಸಭೆಯ ನಿಯಮವೇ ಉದ್ದೇಶವನ್ನು ಕೇಳುತ್ತದೆ. 1977ರ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಧರ್ಮವನ್ನು ಪ್ರಸಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅಡಕವಾಗಿಲ್ಲ ಎಂದು ತೀರ್ಪಿತ್ತಿತು. ನಮಗೂ ಅದು ಬೇಡ. ಮನುಷ್ಯನು ಮನುಷ್ಯನ ಹೃದಯವನ್ನು ತಿರುಗಿಸಲಾರನು. ಆದರೆ ತನ್ನ ಹೃದಯವನ್ನು ತಾನೇ ತಿರುಗಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬನದು, ಬಡವನದೂ ಸಹ. ನಾವು ಆಕ್ಷೇಪಿಸುವುದು ಒಂದೇ ಒಂದು ಊಹೆಯನ್ನು: ಹೆಣ್ಣಿಗೂ ದಲಿತನಿಗೂ ಸ್ವಂತ ಬುದ್ಧಿಯಿಲ್ಲ, ಅವರ ಪರವಾಗಿ ಬೇರೆಯವರು ಯೋಚಿಸಬೇಕು ಎಂಬ ಊಹೆಯನ್ನು. ಶ್ರೀಮಂತನು ಹರಕೆ ಹೊತ್ತು ಯಾವ ಕ್ಷೇತ್ರಕ್ಕೆ ಹೋದರೂ ಅವನ ಉದ್ದೇಶವನ್ನು ಯಾರೂ ವಿಚಾರಿಸುವುದಿಲ್ಲ.

ಲಾಭದ ಲೆಕ್ಕವನ್ನೇ ಹಾಕುವುದಾದರೆ ಅದನ್ನು ಪೂರ್ತಿಯಾಗಿ ಹಾಕಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಬೀಳುತ್ತಾನೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಪಟ್ಟಿ ತೆರೆಯಿತು, ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆಯಲಿಲ್ಲ. ಮೀಸಲು ಕ್ಷೇತ್ರ, ಮೀಸಲು ಉದ್ಯೋಗ, ವಿದ್ಯಾರ್ಥಿವೇತನ ಇವುಗಳನ್ನು ಬಿಟ್ಟು ಒಂದು ಮೂಟೆ ಅಕ್ಕಿಗಾಗಿ ಬರುವಷ್ಟು ಲೆಕ್ಕ ತಿಳಿಯದವರಲ್ಲ ನಮ್ಮ ಜನ. ಹಾಗಿದ್ದೂ ಬಂದವರನ್ನು ಸೆಳೆದದ್ದು ಏನು?

ಉತ್ತರದ ಸುಳಿವು ಸಂಡೂರಿನಲ್ಲಿಯೇ ಇದೆ. 1932ರಲ್ಲಿ ಸಂಡೂರು ಸಂಸ್ಥಾನದ ಅರಸರು ಕುಮಾರಸ್ವಾಮಿ ದೇವಾಲಯದ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಸಿದರು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆಗೆ ಅದು ನಾಲ್ಕು ವರ್ಷ ಮುಂಚಿನ ಮಾತು. ಎರಡು ವರ್ಷಗಳ ನಂತರ ಗಾಂಧೀಜಿಯವರು ಸಂಡೂರಿಗೆ ಬಂದು ಮೆಚ್ಚಿಕೊಂಡರು. ಬಾಗಿಲು ತೆರೆದಾಗ ಜನ ಒಳಗೆ ಹೋದರು. ದೇವರ ಎದುರು ತಲೆಯೆತ್ತಿ ನಿಲ್ಲಬೇಕೆಂಬುದು ಹೊಟ್ಟೆಯ ಹಸಿವಿಗಿಂತ ಕಡಿಮೆಯ ಹಸಿವಲ್ಲ. 1936ರಲ್ಲಿ ಮುಂಬಯಿಯಲ್ಲಿ ತಮ್ಮ ಜನರ ಎದುರು ಮತಾಂತರದ ಪ್ರಶ್ನೆಯನ್ನು ಎತ್ತಿಕೊಂಡ ಡಾ. ಅಂಬೇಡ್ಕರರು ಅದನ್ನು ಲೌಕಿಕ ದೃಷ್ಟಿಯಿಂದಲೂ ಆಧ್ಯಾತ್ಮಿಕ ದೃಷ್ಟಿಯಿಂದಲೂ ಪರಿಶೀಲಿಸಬೇಕೆಂದು ವಾದಿಸಿದರು. ಅವರಿಗೆ ಈ ಎರಡೂ ಒಂದನ್ನೊಂದು ಅಳಿಸುವ ಕಾರಣಗಳಾಗಿರಲಿಲ್ಲ. ಗೌರವವು ಲೌಕಿಕವೋ ಆಧ್ಯಾತ್ಮಿಕವೋ? ಮನುಷ್ಯನು ದೇವರ ಪ್ರತಿರೂಪವೆಂದು ನಂಬುವ ನಮಗೆ ಅದು ಎರಡೂ ಹೌದು.

ಇಲ್ಲಿಯೇ ನಮ್ಮ ಎದೆಯನ್ನು ಮುಟ್ಟಿ ನೋಡಿಕೊಳ್ಳಬೇಕಾದ ಮಾತು ಬರುತ್ತದೆ. ಜನರನ್ನು ಸೆಳೆದದ್ದು ಸಮಾನತೆಯ ಭರವಸೆಯಾದರೆ, ಆ ಭರವಸೆ ಈಡೇರಿತೇ? ತಮಿಳುನಾಡಿನ ವಡಕ್ಕನ್‌ಕುಳಂ ಎಂಬ ಊರಿನ ಕಥೋಲಿಕ ದೇವಾಲಯದೊಳಗೆ ಜಾತಿಗಳನ್ನು ಬೇರ್ಪಡಿಸುವ ಗೋಡೆಯೇ ಇತ್ತು. ಅದನ್ನು ಕೆಡವಿದ್ದು 1910ರಲ್ಲಿ. ಕಲ್ಲಿನ ಗೋಡೆ ಕೆಡವುವುದು ಒಂದು ದಿನದ ಕೆಲಸ. ಹೆಣ್ಣು ಕೊಟ್ಟು ತರುವಲ್ಲಿ, ಹಬ್ಬದ ಮುಂದಾಳುತನದಲ್ಲಿ, ಸ್ಮಶಾನದ ಸಾಲುಗಳಲ್ಲಿ, ಭಾಷೆ ಭಾಷೆಗಳ ನಡುವಿನ ಪಿಸುಮಾತಿನಲ್ಲಿ ಉಳಿದ ಗೋಡೆಗಳಿಗೆ ಎಷ್ಟು ದಿನ ಬೇಕು? ಕೊಡುತ್ತೇವೆಂದು ಹೇಳಿ ಕೊಡದ ಸಮಾನತೆಯೇ ನಿಜವಾದ ಆಮಿಷ. ಅಕ್ಕಿ ಕೊಟ್ಟದ್ದು ಆಮಿಷವಾಗಲಾರದು, ಅದನ್ನು ಅವರು ಉಂಡು ಮುಗಿಸಿದರು. ಅಣ್ಣತಮ್ಮಂದಿರೆಂದು ಕರೆದು, ಪಂಕ್ತಿಯಲ್ಲಿ ಬೇರೆ ಕೂರಿಸಿದರೆ ಅದೇ ವಂಚನೆ. ಸರ್ಕಾರದ ಯಾವ ಕಾಯಿದೆಯೂ ಅದನ್ನು ಹಿಡಿಯಲಾರದು. ಪ್ರಭುವಿನ ನ್ಯಾಯಾಸ್ಥಾನ ಹಿಡಿಯುತ್ತದೆ.

ಪಿಕೆಟ್ಟರ ನಾಲ್ಕನೆಯ ಗುಂಪನ್ನು, ಹುಟ್ಟಿನಿಂದ ಕ್ರೈಸ್ತರಾದವರನ್ನು, ವಾಚಕರು ಮರೆತಿರಲಾರರು. ಈ ಅಂಕಣ ಓದುವವರಲ್ಲಿ ಬಹುಪಾಲು ಆ ಗುಂಪಿಗೆ ಸೇರಿದವರು. ಹೊಸದಾಗಿ ಬಂದವನ ಉದ್ದೇಶವನ್ನು ತೂಗುವ ತಕ್ಕಡಿ ಹುಟ್ಟಿನಿಂದ ಬಂದವನಿಗೂ ಸಲ್ಲಬೇಕು. ವರ್ಷವಿಡೀ ಕಾಣದೆ, ಮಗುವಿನ ಶಾಲಾ ಪ್ರವೇಶದ ತಿಂಗಳಲ್ಲಿ ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಲು ಬರುವ ಕುಟುಂಬದ ಉದ್ದೇಶ ಯಾವುದು? ಮದುವೆಗೆ ದೇವಾಲಯ, ಸಾವಿಗೆ ಆರಡಿ ನೆಲ, ನಡುವೆ ಏನೂ ಇಲ್ಲ ಎಂಬ ಬಾಳಿಗೆ ಏನು ಹೆಸರು? ಇದನ್ನು ಖಂಡಿಸಲು ಹೇಳುತ್ತಿಲ್ಲ. ಅವರನ್ನೂ ಓಡಿಸಬೇಡವೆಂದೇ ಅಗಸ್ಟೀನರು ಹೇಳಿಯಾರು. ಆದರೆ ಸೀಟಿಗಾಗಿ ಬಂದ ನಾವು, ಅಕ್ಕಿಗಾಗಿ ಬಂದರೆಂದು ಇನ್ನೊಬ್ಬರ ಕಡೆ ಬೆರಳು ತೋರುವುದು ಸಲ್ಲದು.

ಬೆಂಬಲದ ಮಾತೂ ಹಾಗೆಯೇ. ಕಾಣಿಕೆ ಕೊಡುವವರಲ್ಲಿ ಕೃತಜ್ಞತೆಯಿಂದ ಕೊಡುವವರುಂಟು, ಹರಕೆ ತೀರಿಸುವವರುಂಟು, ಬೆಂಚಿನ ಮೇಲೆ ಹೆಸರು ಕೆತ್ತಿಸಲು ಕೊಡುವವರೂ ಉಂಟು. ಬೇರೆ ಮತದ ನೆರೆಯವರು ಕನ್ಯಾಮರಿಯಮ್ಮನವರ ಹಬ್ಬಕ್ಕೆ ಮೇಣದಬತ್ತಿಯನ್ನೋ ಒಂದು ಚೀಲ ಜೋಳವನ್ನೋ ತರುತ್ತಾರೆ. ಅವರ ಮನಸ್ಸನ್ನು ಅಳೆಯುವ ಕೆಲಸ ನಮ್ಮದಲ್ಲ. ಅವರ ನಂಬಿಕೆಗೆ ಲೆಕ್ಕ ಕೊಡುವ ಕೆಲಸ ನಮ್ಮದು. ಶಾಲೆಯ ಶುಲ್ಕ ಏರಿದಾಗ ಏಕೆ ಏರಿತೆಂದು ಹೇಳದ ಸಂಸ್ಥೆ, ಬಡವರ ಹೆಸರಿನಲ್ಲಿ ಸ್ಥಾಪನೆಯಾಗಿ ಬಡವರ ಮಕ್ಕಳಿಗೆ ಬಾಗಿಲು ಕಿರಿದು ಮಾಡಿದ ಸಂಸ್ಥೆ, ಪೂರ್ವಿಕರು ಗಳಿಸಿದ ಪುಣ್ಯವನ್ನು ಮಾರಿ ತಿನ್ನುತ್ತದೆ.

ಆದ್ದರಿಂದ ನಮ್ಮ ಧರ್ಮಕೇಂದ್ರಗಳ ಕುಟುಂಬಗಳ ಮುಂದೆ ಮೂರು ವಿಷಯಗಳನ್ನು ಇಡುತ್ತೇವೆ. ಮೊದಲನೆಯದು, ಸಹಾಯದ ಕೈಯೂ ದೀಕ್ಷೆಯ ಕೈಯೂ ಬೇರೆ ಬೇರೆ ಇರಲಿ. ಅಕ್ಕಿ, ಔಷಧ, ವಿದ್ಯಾರ್ಥಿವೇತನ ಹಂಚುವವರು ಯಾರ ಮತವನ್ನೂ ಕೇಳದಿರಲಿ, ಬರೆದಿಡದಿರಲಿ. ದೀಕ್ಷೆ ಕೇಳಿ ಬಂದವರಿಗೆ ಬೋಧಿಸುವವರ ಕೈಯಲ್ಲಿ ಹಂಚುವ ಚೀಲ ಇಲ್ಲದಿರಲಿ. ಎರಡನೆಯದು, ದೀಕ್ಷಾರ್ಥಿಯನ್ನು ಅವಸರಪಡಿಸದಿರೋಣ. ವರ್ಷ ಹಿಡಿದರೆ ಹಿಡಿಯಲಿ. ಮನೆಯವರೊಡನೆ ಕೂತು ಮಾತನಾಡಲಿ, ಕಾನೂನು ಕೇಳುವುದನ್ನು ಬಚ್ಚಿಡದೆ ಪಾಲಿಸಲಿ, ಬೇಡವೆನಿಸಿದರೆ ತಲೆತಗ್ಗಿಸದೆ ಹಿಂದಿರುಗಲಿ. ಹಿಂದಿರುಗುವ ಬಾಗಿಲು ತೆರೆದಿರುವ ಮನೆಗೆ ಮಾತ್ರ ಸ್ವಇಚ್ಛೆಯಿಂದ ಬಂದೆನೆಂದು ಹೇಳಲು ಸಾಧ್ಯ. ಮೂರನೆಯದು, ಬಂದವರನ್ನು ಒಬ್ಬಂಟಿಯಾಗಿ ಬಿಡದಿರೋಣ. ತೋರಣಗಲ್ಲು, ವಡ್ಡು ಸುತ್ತಿನ ಬಾಡಿಗೆ ಕೋಣೆಗಳಲ್ಲಿ ಹಿಂದಿ, ಸಾದ್ರಿ, ಒಡಿಯಾ ಮಾತನಾಡುವ ಕಾರ್ಮಿಕರಿದ್ದರೆ, ಕ್ಯಾಂಪುಗಳಲ್ಲಿ ತೆಲುಗು ಕುಟುಂಬಗಳಿದ್ದರೆ, ಅವರ ಮನೆಯ ಹೊಸ್ತಿಲನ್ನು ನಮ್ಮ ಹಳೆಯ ಕುಟುಂಬಗಳು ತುಳಿಯಲಿ. 2011ರಲ್ಲಿ ನ್ಯಾಯಾಲಯದ ಆದೇಶದಿಂದ ಗಣಿಗಳು ನಿಂತಾಗ ಕೆಲಸ ಕಳೆದುಕೊಂಡ ಮನೆಗಳನ್ನು ಈ ಸೀಮೆ ಕಂಡಿದೆ. ಮತ್ತೆ ಅಂಥ ದಿನ ಬಂದರೆ ಯಾರ ಮನೆಯಲ್ಲಿ ಒಲೆ ಉರಿದಿಲ್ಲವೆಂದು ನಮಗೆ ತಿಳಿದಿರಬೇಕು, ಆ ಮನೆ ಯಾವ ಮತದ್ದೇ ಆಗಿರಲಿ.

ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ಈ ವಾರ ಮನೆಮಂದಿಯೆಲ್ಲ ಕೂಡಿ ಓದಬೇಕೆಂದು ಕೋರುತ್ತೇವೆ. ಬೆಟ್ಟದ ತಪ್ಪಲಿನಲ್ಲಿ ಐದು ಸಾವಿರ ಜನ ರೊಟ್ಟಿ ತಿಂದು ತೃಪ್ತರಾದರು. ಮರುದಿನ ದೋಣಿಯೇರಿ ಪ್ರಭುವನ್ನು ಹುಡುಕಿಕೊಂಡು ಬಂದರು. ರೊಟ್ಟಿ ತಿಂದದ್ದಕ್ಕಾಗಿ ನೀವು ಬಂದಿದ್ದೀರಿ ಎಂದು ಪ್ರಭು ಮುಖಕ್ಕೇ ಹೇಳಿದರು. ಆದರೆ ಹಿಂದಿನ ದಿನ ರೊಟ್ಟಿ ಕೊಟ್ಟದ್ದಕ್ಕೆ ಅವರು ಪಶ್ಚಾತ್ತಾಪಪಡಲಿಲ್ಲ, ಇನ್ನಷ್ಟು ರೊಟ್ಟಿ ಕೊಟ್ಟು ಜನರನ್ನು ಹಿಡಿದಿಟ್ಟುಕೊಳ್ಳಲೂ ಇಲ್ಲ. ಅರಗಿಸಿಕೊಳ್ಳಲು ಕಠಿಣವಾದ ಸತ್ಯವನ್ನು ಹೇಳಿದರು. ಬಹುಮಂದಿ ಎದ್ದು ಹೋದರು. ಅವರು ತಡೆಯಲಿಲ್ಲ. ಹನ್ನೆರಡು ಮಂದಿಯ ಕಡೆ ತಿರುಗಿ, ನೀವೂ ಹೋಗಬೇಕೆಂದಿರುವಿರಾ ಎಂದು ಕೇಳಿದರು.

ಆ ಪ್ರಶ್ನೆ ಇಂದು ನಮ್ಮ ಮುಂದಿದೆ. ನೆರೆಯವರು "ನಿಮ್ಮ ಜನ ಏಕೆ ಬಂದರು?" ಎಂದು ಕೇಳುತ್ತಾರೆ. ಅವರವರ ಕಾರಣಕ್ಕೆ ಬಂದರು, ನಿಮ್ಮಂತೆ ನಮ್ಮಂತೆ, ಮನುಷ್ಯರಂತೆ ಬಂದರು ಎಂದು ಸಂಕೋಚವಿಲ್ಲದೆ ಹೇಳಬಹುದು. "ನೀವು ಏಕೆ ಉಳಿದಿರಿ?" ಎಂಬುದು ಪ್ರಭುವಿನ ಪ್ರಶ್ನೆ. ಅದಕ್ಕೆ ಅಜ್ಜನ ಹೆಸರು ಹೇಳಿ ಉತ್ತರಿಸಲಾಗದು, ಪ್ರಮಾಣಪತ್ರ ತೋರಿಸಿಯೂ ಉತ್ತರಿಸಲಾಗದು. ಪ್ರತಿಯೊಂದು ಮನೆಯೂ ತನ್ನ ಉತ್ತರವನ್ನು ತಾನೇ ಕಂಡುಕೊಳ್ಳಲಿ. ಕಂಡುಕೊಂಡವರ ಬದುಕೇ ನೆರೆಯವರ ಪ್ರಶ್ನೆಗೂ ಉತ್ತರವಾದೀತು.